ಕಾರ್ಡ್ ಮುಗಿದ್ರೆ ಪಿಆರ್ ಹೋಗಲ್ಲ, ಆದ್ರೆ ವಿಮಾನ ಹತ್ತೋಕಾಗಲ್ಲ

ಪ್ರಶ್ನೆ: ನಾವಿರೋದು ಕೆನಡಾದ ಬ್ರಾಂಪ್ಟನ್‌ನಲ್ಲಿ, ಬಂದು ಐದು ವರ್ಷ ಆಗ್ತಾ ಬಂತು. ಜನವರಿ ಕೊನೇಲಿ ಹಾಸನದಲ್ಲಿ ತಮ್ಮನ ಮದುವೆ, ನಾನೊಬ್ಬಳೇ ಹೋಗಿ ಮಾರ್ಚ್‌ನಲ್ಲಿ ವಾಪಸ್ ಬರೋಣ ಅಂತಿದೀನಿ. ಆದ್ರೆ ನನ್ನ ಪಿಆರ್ ಕಾರ್ಡ್ (ಇಲ್ಲಿ ಕಾಯಂ ಆಗಿ ಇರೋ ಹಕ್ಕಿಗೆ, ಅಂದ್ರೆ ಪಿಆರ್‌ಗೆ ಕೊಡೋ ಗುರುತಿನ ಕಾರ್ಡ್) ಫೆಬ್ರವರಿ ಮಧ್ಯದಲ್ಲೇ ಮುಗಿಯುತ್ತೆ. ಊರಲ್ಲಿದ್ದಾಗ ಮುಗಿದ್ರೆ ಪಿಆರ್ ಹೋಗಿಬಿಡುತ್ತಾ? ಮದುವೆ ಪತ್ರಿಕೆ ತೋರಿಸಿ ಅರ್ಜೆಂಟಾಗಿ ಹೊಸ ಕಾರ್ಡ್ ಮಾಡಿಸ್ಬಹುದಾ?
— ಹೆಸರು ಬೇಡ, ಬ್ರಾಂಪ್ಟನ್

ಉತ್ತರ: ಪಿಆರ್ ಎಲ್ಲೂ ಹೋಗಲ್ಲ, ಅದರ ಚಿಂತೆ ಬಿಡಿ. ಮುಗಿಯೋದು ಕಾರ್ಡ್ ಅಷ್ಟೇ. ತೊಂದರೆ ಬರೋದು ಬೆಂಗಳೂರು ಏರ್‌ಪೋರ್ಟ್‌ನ ಚೆಕ್‌ಇನ್ ಕೌಂಟರ್‌ನಲ್ಲಿ, ಡೇಟ್ ಮುಗಿದ ಕಾರ್ಡ್ ನೋಡಿದ್ರೆ ಅವರು ಬೋರ್ಡಿಂಗ್ ಪಾಸ್ ಕೊಡಲ್ಲ, ನೀವು ಎಷ್ಟೇ ವಾದ ಮಾಡಿ.

ಮದುವೆ ಪತ್ರಿಕೆ ನಡೆಯೋದು ಕಷ್ಟ ಕಣ್ರೀ. ಮೂರು ತಿಂಗಳೊಳಗೆ ಪ್ರಯಾಣ ಇದ್ರೆ ಅರ್ಜೆಂಟ್ ಅಂತ ಕೇಳೋಕೆ ಅವಕಾಶ ಇದೆ, ಆದ್ರೆ ಕೆನಡಾದ ವಲಸೆ ಇಲಾಖೆಯವರು ಒಪ್ಪೋದು ಮನೆಯವರ ಗಂಭೀರ ಕಾಯಿಲೆ, ಸಾವು, ಕೆಲಸದ ಅನಿವಾರ್ಯ ಇಂಥವಕ್ಕೆ. ತಮ್ಮನ ಮದುವೆಗಿಂತ ಅರ್ಜೆಂಟ್ ಇನ್ನೇನಿದೆ ಅಂತ ನಮಗನ್ಸುತ್ತೆ, ಅವರಿಗೆ ಅನ್ಸಲ್ಲ!

ಕಾರ್ಡ್‌ಗೆ ಒಂಬತ್ತು ತಿಂಗಳಿಗಿಂತ ಕಮ್ಮಿ ಅವಧಿ ಉಳಿದಾಗಿಂದಲೇ ರಿನ್ಯೂಗೆ ಹಾಕ್ಬಹುದು, ಫೀಸು 50 ಡಾಲರ್, ಆನ್‌ಲೈನ್‌ನಲ್ಲೇ ಆಗುತ್ತೆ, ಆದ್ರೆ ಹಾಕುವಾಗ ನೀವು ಕೆನಡಾದಲ್ಲಿರ್ಬೇಕು, ಹೊಸ ಕಾರ್ಡನ್ನೂ ಇಲ್ಲಿನ ವಿಳಾಸಕ್ಕೇ ಕಳಿಸ್ತಾರೆ ಹೊರತು ಹಾಸನಕ್ಕಲ್ಲ. ಹಾಗಾಗಿ ಈ ವಾರವೇ ಹಾಕಿಬಿಡಿ. ಹೊರಡೋದರೊಳಗೆ ಬರ್ಲಿಲ್ವಾ, ವಾಪಸ್ ಟಿಕೆಟನ್ನ ಹಳೇ ಕಾರ್ಡ್ ಮುಗಿಯೋಕೆ ಮುಂಚೆನೇ ಬರೋ ಹಾಗೆ ಬದಲಾಯಿಸಿಕೊಳ್ಳಿ, ಬೀಗರೂಟ ಮುಗಿಸ್ಕೊಂಡೇ ಬರ್ಬಹುದು.

ಮಾರ್ಚ್‌ವರೆಗೂ ಇರ್ಲೇಬೇಕು ಅಂದ್ರೆ ಊರಿಂದ ಪಿಆರ್ ಟ್ರಾವೆಲ್ ಡಾಕ್ಯುಮೆಂಟ್‌ಗೆ (ನಡೆಯೋ ಕಾರ್ಡ್ ಇಲ್ದಿದ್ರೂ ವಾಪಸ್ ಬರೋಕೆ ಕೊಡೋ ಪತ್ರ) ಅರ್ಜಿ ಹಾಕ್ಬೇಕು. ಅದಕ್ಕೂ 50 ಡಾಲರ್, ಸಾಮಾನ್ಯವಾಗಿ ಒಂದು ಸಲ ವಾಪಸ್ ಬರೋಕೆ ಮಾತ್ರ ಕೊಡ್ತಾರೆ, ಪಾಸ್‌ಪೋರ್ಟನ್ನೂ ಅವರ ಕೈಗೆ ಕೊಟ್ಟು ಕಾಯ್ಬೇಕು. ನನ್ನನ್ನ ಕೇಳಿದ್ರೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಈ ದಾರಿ.

ಕಾರ್ಡ್ ರಿನ್ಯೂ, ಟ್ರಾವೆಲ್ ಡಾಕ್ಯುಮೆಂಟ್ ಎರಡಕ್ಕೂ ನೋಡೋದು ಒಂದೇ, ಕಳೆದ ಐದು ವರ್ಷದಲ್ಲಿ ಕಮ್ಮಿ ಅಂದ್ರೂ 730 ದಿನ ಕೆನಡಾದಲ್ಲಿದ್ರಾ ಅಂತ. ಹೊರಟ ದಿನ, ಬಂದಿಳಿದ ದಿನ ಎರಡೂ ಲೆಕ್ಕಕ್ಕೆ ಸೇರುತ್ತೆ. ನೆನಪಿನ ಮೇಲೆ ಅಂದಾಜಿಗೆ ಬರೀಬೇಡಿ, ನೀವು ಹೋಗಿ ಬಂದ ದಾಖಲೆ ಅವರ ಗಡಿ ಇಲಾಖೆ ಹತ್ರಾನೂ ಇರುತ್ತೆ.

ಊರಲ್ಲಿ ತೆಗೆಸಿದ ಪಾಸ್‌ಪೋರ್ಟ್ ಸೈಜ್ ಫೋಟೋ ನಡೆಯಲ್ಲ, ಕಾರ್ಡ್ ಅರ್ಜಿಗೆ 50 ಮಿ.ಮೀ. ಅಗಲ 70 ಮಿ.ಮೀ. ಎತ್ತರ ಬೇಕು, ಹಿಂದುಗಡೆ ಸ್ಟುಡಿಯೋ ಹೆಸರು, ವಿಳಾಸ, ತೆಗೆದ ತಾರೀಖು ಇರ್ಬೇಕು. ಈ ಐದು ವರ್ಷದೊಳಗೆ ಪಾಸ್‌ಪೋರ್ಟ್ ಬದಲಾಯಿಸಿದ್ರೆ ಹಳೇದರ ಪುಟಗಳೂ ಬೇಕಾಗುತ್ತೆ, ಅದು ಹಾಸನದ ಮನೆ ಬೀರುವಲ್ಲಿದ್ರೆ ತಮ್ಮನಿಗೆ ಈಗ್ಲೇ ಫೋನ್ ಮಾಡಿ ಸ್ಕ್ಯಾನ್ ಮಾಡ್ಸಿ, ಮದುವೆ ಓಡಾಟ ಶುರುವಾದ್ಮೇಲೆ ಅವನು ಕೈಗೆ ಸಿಗಲ್ಲ.