ಯೇಸು ದೇವರಾದದ್ದು ಮತದಾನದಿಂದಲೇ?

ನಿಮ್ಮ ಪತ್ರ ತಲುಪಿತು. ‘ತ್ರಯೇಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು) ಎಂಬ ಪದ ಬೈಬಲ್ಲಿನಲ್ಲೇ ಇಲ್ಲ. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸೀಯದಲ್ಲಿ ಬಿಷಪ್‌ಗಳನ್ನು ಕೂಡಿಸಿ, ಮತ ಹಾಕಿಸಿ ಯೇಸುವನ್ನು ದೇವರನ್ನಾಗಿ ಮಾಡಿದನಂತೆ, ಹೌದೇ?’ ಎಂದು ಕೇಳಿದ್ದೀರಿ. ಸಂಡೇ ಸ್ಕೂಲಿನ ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡಲಿ ಎಂದೂ ಕೇಳಿದ್ದೀರಿ.

ಪದ ಇಲ್ಲ, ಒಪ್ಪಿದೆ. ಅದರ ಲ್ಯಾಟಿನ್ ರೂಪ ಆದಿ ಕ್ರೈಸ್ತ ಲೇಖಕ ಟೆರ್ಟುಲಿಯನ್‌ನ ಬರಹದಲ್ಲಿದೆ. ಅದು ನೈಸೀಯಕ್ಕೆ ನೂರು ವರ್ಷ ಹಿಂದಿನ ಮಾತು. ಆದರೆ ಮತ್ತಾಯ 28:19 ತೆರೆದು ನಿಧಾನವಾಗಿ ಓದಿ: ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’. ಇರುವವರು ಮೂವರು, ‘ಹೆಸರು’ ಮಾತ್ರ ಏಕವಚನ. ಗ್ರೀಕ್ ಮೂಲದಲ್ಲೂ ಹಾಗೇ.

ಇನ್ನು ಚಕ್ರವರ್ತಿಯ ವಿಚಾರ. ನೈಸೀಯ ಇದ್ದದ್ದು ಇಂದಿನ ಟರ್ಕಿಯಲ್ಲಿದ್ದ ರೋಮನ್ನರ ಬಿಥೂನ್ಯ ಪ್ರಾಂತದಲ್ಲಿ. ಅದೇ ಪ್ರಾಂತವನ್ನು ಆಳುತ್ತಿದ್ದ ಪ್ಲಿನಿ ಸುಮಾರು 112ರಲ್ಲಿ ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರ ಉಳಿದುಬಂದಿದೆ. ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರಿ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. ಅವನೇನು ಭಕ್ತನಲ್ಲ, ಕ್ರೈಸ್ತರಿಗೆ ಮರಣದಂಡನೆ ಕೊಡುತ್ತಿದ್ದ ಅಧಿಕಾರಿ. ಕಾನ್‌ಸ್ಟಂಟೈನ್ ಆಗಿನ್ನೂ ಹುಟ್ಟೇ ಇರಲಿಲ್ಲ.

ಹಾಗಾದರೆ ನೈಸೀಯದಲ್ಲಿ ಜಗಳ ಯಾತಕ್ಕೆ? ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಯೇಸುವನ್ನು ಬರೀ ಮನುಷ್ಯ ಅನ್ನಲಿಲ್ಲ. ಎಲ್ಲಕ್ಕಿಂತ ಮೊದಲು ಸೃಷ್ಟಿಯಾದವನು, ಆದರೂ ಸೃಷ್ಟಿಯೇ. ಮಗನಿಲ್ಲದ ಕಾಲವೊಂದಿತ್ತು ಅಂದ. ‘ತಂದೆಯು ನನಗಿಂತ ದೊಡ್ಡವನು’ (ಯೋಹಾನ 14:28) ಎಂಬ ಮಾತು ಅವನ ಕೈಯಲ್ಲಿತ್ತು. ಹಗುರವಾದ ವಾದವಲ್ಲ ಅದು, ಇಂದಿಗೂ ಅಲ್ಲ. ಆದರೆ ಮಗ ಸೃಷ್ಟಿಯೇ ಆಗಿದ್ದರೆ, ಕ್ರೈಸ್ತ ಸಭೆ ಅಷ್ಟು ಕಾಲ ಮೊಣಕಾಲೂರಿದ್ದು ಸೃಷ್ಟಿಯ ಮುಂದೆ ಎಂದಾಯಿತಲ್ಲ! ಅದಕ್ಕೇ ‘ಹೋಮೊಊಸಿಯೋಸ್’, ಅಂದರೆ ತಂದೆಯೊಂದಿಗೆ ಒಂದೇ ಸತ್ವದವನು, ಎಂಬ ಪದವನ್ನು ವಿಶ್ವಾಸ ಪ್ರಮಾಣಕ್ಕೆ ಸೇರಿಸಿದರು. ಅದೂ ಬೈಬಲ್ಲಿನ ಪದವಲ್ಲ. ಬೈಬಲ್ಲಿನ ಯಾವ ಮಾತು ಮುಂದಿಟ್ಟರೂ ಏರಿಯಸ್‌ನ ಕಡೆಯವರು ತಮ್ಮದೇ ಅರ್ಥ ಹಚ್ಚಿ ಒಪ್ಪಿಬಿಡುತ್ತಿದ್ದರು ಎಂದು, ಮುಂದೆ ಅಲೆಕ್ಸಾಂಡ್ರಿಯದ ಬಿಷಪ್ ಆದ ಅಥನಾಸಿಯಸ್ ಬರೆದಿಟ್ಟಿದ್ದಾನೆ.

ಅರಮನೆಯೇ ಹೇರಿದ್ದರೆ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. 337ರಲ್ಲಿ, ಮರಣಶಯ್ಯೆಯಲ್ಲಿ, ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟವನು ಏರಿಯಸ್‌ನ ಬೆಂಬಲಿಗ, ನಿಕೊಮೇದಿಯದ ಯುಸೇಬಿಯಸ್. ಕಾನ್‌ಸ್ಟಂಟೈನ್‌ನ ಮಗ, ಮುಂದೆ ಚಕ್ರವರ್ತಿಯಾದ ಕಾನ್‌ಸ್ಟಂಟಿಯಸ್ ಅಂತೂ ನೈಸೀಯದ ತೀರ್ಮಾನದ ವಿರೋಧಿ. ಅದರ ಪರ ನಿಂತ ಅಥನಾಸಿಯಸ್ ಐದು ಸಲ ಗಡೀಪಾರಾದ. ಪವಿತ್ರಾತ್ಮನ ಕುರಿತ ಸಾಲುಗಳಿಗಂತೂ 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯವರೆಗೆ ಕಾಯಬೇಕಾಯಿತು.

ಮಕ್ಕಳ ವಿಷಯ. ನಾನೂ ಒಂದು ಕಾಲಕ್ಕೆ ತ್ರಯೇಕತ್ವಕ್ಕೆ ಮಂಜುಗಡ್ಡೆ, ನೀರು, ಹಬೆಯ ಉದಾಹರಣೆ ಕೊಟ್ಟವನೇ. ಒಬ್ಬ ಹುಡುಗಿ ಎದ್ದು, ‘ಗಡ್ಡೆ ಕರಗಿದ ಮೇಲೆ ಗಡ್ಡೆ ಇರಲ್ವಲ್ಲ ಸರ್, ಮತ್ತೆ ಗೆತ್ಸೆಮನೆಯಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ?’ ಅಂದಳು. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆಂಬ ಸಬೆಲ್ಲಿಯಸ್‌ನ ಬೋಧನೆಯನ್ನೇ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ! ಅಂದಿನಿಂದ ಉದಾಹರಣೆ ಬಿಟ್ಟು, ಯೇಸುವಿನ ದೀಕ್ಷಾಸ್ನಾನದ ಮತ್ತಾಯ 3 ಓದಿಸುತ್ತೇನೆ. ಮಗ ನೀರಿನಿಂದ ಮೇಲೆ ಬರುತ್ತಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತಾನೆ, ಆಕಾಶದಿಂದ ತಂದೆಯ ದನಿ. ಮೂರೂ ಒಂದೇ ಗಳಿಗೆಯಲ್ಲಿ. ‘ಮೂರು ದೇವರುಗಳಾ?’ ಎಂದು ಯಾರಾದರೂ ಕೇಳಿದರೆ ದೇವರು ಒಬ್ಬನೇ ಎನ್ನುವ ಧರ್ಮೋಪದೇಶಕಾಂಡ 6:4 ಓದಿಸಿ. ಆಮೇಲೆ ಆ ದೃಶ್ಯದ ಚಿತ್ರ ಬರೆಯಲು ಹೇಳಿ. ದನಿಯನ್ನು ಹೇಗೆ ಬರೆಯೋದು ಅಂತ ಕೇಳಿಯೇ ಕೇಳುತ್ತಾರೆ.