ಮಳೆಗಾಲದಲ್ಲಿ 2 ವರ್ಷದ ಮಗುವಿಗೆ ಸ್ಪರ್ಶಚಿತ್ರಗಳು

ತೀರ್ಥಹಳ್ಳಿಯ ಮಳೆಯಲ್ಲಿ ಮನೆಯೊಳಗೇ ಇರುವ 2 ವರ್ಷದ ಮಗಳಿಗೆ, ಪೇಟೆಯ ಬಣ್ಣ ತಾರದೆ ಏನು ಮಾಡಿಸಬಹುದೆಂದು ತಾವು ಕೇಳಿದ್ದೀರಿ. ಮೈದಾವನ್ನು ನೀರಿನಲ್ಲಿ ಗಂಜಿಯ ಹದಕ್ಕೆ ಕುದಿಸಿ, ಪೂರ್ತಿ ಆರಿದ ಮೇಲೆ ಅರಿಸಿನವನ್ನೋ ಬೀಟ್‌ರೂಟ್ ರಸವನ್ನೋ ಬೆರೆಸಿ, ಅಡಿಕೆ ಹಾಳೆಯ ಮೇಲೆ ಬೆರಳಿನಿಂದಲೇ ಬಳಿಯಲು ಬಿಡಿ. ಅಡ್ಡ ಕೊಯ್ದ ಬೆಂಡೆಕಾಯಿಯನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು ಮೂಡುತ್ತದೆ. ತೆಂಗಿನ ನಾರು ಒರಟು ಗೀರುಗಳನ್ನು ಬಿಡುತ್ತದೆ. ನನ್ನ ಮಟ್ಟಿಗೆ ಒಣಗಿದ ಹೀರೆಕಾಯಿಯ ನಾರೇ ಹೆಚ್ಚು ಸೊಗಸು, ಏಕೆಂದರೆ ಬಲೆಯಂಥ ಗುರುತು ಮೂಡಿಸುವುದಲ್ಲದೆ, ಒದ್ದೆಯಾದೊಡನೆ ಅದು ಮೆತ್ತಗಾಗುವುದನ್ನು ಮಗು ಕೈಯಲ್ಲೇ ಅರಿಯುತ್ತದೆ. ಬೇಳೆಕಾಳು, ಗುಂಡಿಗಳನ್ನು ಅಂಟಿಸುವ ಕೆಲಸ 3 ವರ್ಷ ತುಂಬುವವರೆಗೆ ಬೇಡ; ಗಂಟಲಿಗೆ ಸಿಕ್ಕಬಹುದು. ಕೆಂಪು ಬಣ್ಣಕ್ಕಾಗಿ ಅರಿಸಿನಕ್ಕೆ ಸುಣ್ಣ ಬೆರೆಸುವುದೂ ಬೇಡ, ಅದು ಕಣ್ಣನ್ನು ಸುಡುತ್ತದೆ. ನಮ್ಮ ಕಡೆಯ ತೇವಕ್ಕೆ ಗಂಜಿ ಬೇಗ ಬೂಷ್ಟು ಹಿಡಿಯುವುದರಿಂದ ಅಂದಿನದನ್ನು ಅಂದೇ ಮುಗಿಸಿ, ಚಿತ್ರವನ್ನು ಒಲೆಯ ಬಿಸಿ ತಾಗುವ ಕಡೆ ಒಣಗಿಸಿ.