ಇಂಗ್ಲಿಷ್‌ನಲ್ಲಿ ಕಾಮಾ ಎಲ್ಲಿ ಹಾಕಬೇಕು? ಉಸಿರು ನಿಲ್ಲುವಲ್ಲಿ ಹಾಕಿದರೆ ಸಾಕಾ?

ಸಾಲದು. ಉಸಿರಿನ ಲೆಕ್ಕ ಕನ್ನಡದಲ್ಲಿ ಹೆಚ್ಚುಕಡಿಮೆ ನಡೆಯುತ್ತದೆ. ಇಂಗ್ಲಿಷ್ ಕಾಮಾ ನೋಡುವುದು ವಾಕ್ಯದ ಕಟ್ಟನ್ನು.

ನಮ್ಮ ಕಲಬುರಗಿ ಕಡೆ ಡಿಗ್ರಿ ಹುಡುಗರ ಬರಹದಲ್ಲಿ ಜಾಸ್ತಿ ಕಾಣುವ ತಪ್ಪು, ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಜೋಡಿಸುವುದು. ‘ದ ಬಹಮನೀಸ್ ರೂಲ್ಡ್ ಫ್ರಮ್ ಗುಲ್ಬರ್ಗ, ದೆನ್ ದೇ ಮೂವ್ಡ್ ಟು ಬೀದರ್.’ ಕನ್ನಡದಲ್ಲಿ ‘ಗುಲ್ಬರ್ಗದಿಂದ ಆಳಿದರು, ಆಮೇಲೆ ಬೀದರಿಗೆ ಹೋದರು’ ಅಂದರೆ ಯಾರದೂ ತಕರಾರಿಲ್ಲ, ಅಲ್ವಾ? ಇಂಗ್ಲಿಷ್‌ನಲ್ಲಿ ಅದು ತಪ್ಪು. ‘ದೆನ್’ಗೆ ಎರಡು ವಾಕ್ಯ ಕೂಡಿಸುವ ಶಕ್ತಿ ಇಲ್ಲ. ಕಾಮಾ ಆದಮೇಲೆ ‘ಅಂಡ್’ ಸೇರಿಸಿ, ಇಲ್ಲವೇ ಫುಲ್‌ಸ್ಟಾಪ್ ಕೊಟ್ಟುಬಿಡಿ. ‘ಹೌಎವರ್’, ‘ದೇರ್‌ಫೋರ್’ ಕೂಡ ಇದೇ ಜಾತಿ. ಅವುಗಳ ಮುಂಚೆ ಸೆಮಿಕೋಲನ್ ಕೂಡ ನಡೆಯುತ್ತದೆ.

ಕರ್ತೃ ಉದ್ದವಾಯಿತೆಂದು ಕ್ರಿಯಾಪದದ ಮುಂಚೆ ಸುಮ್ನೆ ಕಾಮಾ ಬೇಡ: ‘ದ ಬಸ್ ಫ್ರಮ್ ಯಾದಗಿರಿ ಟು ಶಹಾಪುರ ಈಸ್ ಲೇಟ್.’

‘ಬೀದರ್, ವಿಚ್ ಈಸ್ ಫೇಮಸ್ ಫಾರ್ ಬಿದ್ರಿವೇರ್, ಹ್ಯಾಸ್ ಎ ಬಿಗ್ ಫೋರ್ಟ್.’ ಇಲ್ಲಿ ನಡುವಿನ ತುಂಡು ತೆಗೆದರೂ ವಾಕ್ಯ ನಿಲ್ಲುತ್ತದೆ. ಹಾಗಾಗಿ ಎರಡೂ ಕಡೆ ಕಾಮಾ ಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು.

ಇನ್ನು ಪಟ್ಟಿ. ‘ತೊಗರಿ, ಜೋಳ ಅಂಡ್ ಕಡಲೆ’ ಎಂಬಲ್ಲಿ ‘ಅಂಡ್’ಗೆ ಮುಂಚೆ ಕಾಮಾ ಅಮೆರಿಕದಲ್ಲಿ ಹೆಚ್ಚು, ಬ್ರಿಟಿಷ್ ಬರಹದಲ್ಲಿ ಕಡಿಮೆ. ಗೊಂದಲವಾಗುವಂತಿದ್ದರೆ ಹಾಕಿಬಿಡಿ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನ ಪಟ್ಟಿಯಲ್ಲಿ ಅಂಥದ್ದೊಂದು ಕಾಮಾ ಇರಲಿಲ್ಲ. ಆ ಗೊಂದಲದಿಂದಾಗಿ 2017ರಲ್ಲಿ ಕೋರ್ಟು, ಓವರ್‌ಟೈಮ್ ಸಂಬಳ ಕೇಳಿದ್ದ ಹಾಲಿನ ಕಂಪನಿಯ ಡ್ರೈವರ್‌ಗಳ ಪರ ನಿಂತಿತು. ಕಂಪನಿ 2018ರಲ್ಲಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.